ವಾರಪತ್ರಿಕೆಯವರು ಪುಸ್ತಕ ಪ್ರಕಾಶನಕ್ಕೆ ಇಳಿಯಬಹುದೇ?

ಪ್ರಶ್ನೆ (ಸಂಪಾದಕಿ, ಕಲಬುರಗಿ):
ನಮ್ಮದು ಸಣ್ಣ ವಾರಪತ್ರಿಕೆ. ತೊಗರಿ ಬೆಳೆಗಾರರ ಬಗ್ಗೆ ಬರುವ ಅಂಕಣಕ್ಕೆ ಬಹಳ ಓದುಗರಿದ್ದಾರೆ. ಹಳೇ ಸಂಚಿಕೆ ಬೇಕೆಂದು ಸೇಡಂ, ಚಿತ್ತಾಪುರದಿಂದ ಕಚೇರಿಗೇ ಬರುತ್ತಾರೆ. ಪುಟಗಳೆಲ್ಲ ಕಂಪ್ಯೂಟರಿನಲ್ಲಿವೆ. ಹಾಗೇ ಜೋಡಿಸಿ ಪುಸ್ತಕ ಮಾಡಿದರೆ ಆದೀತೇ?

ಉತ್ತರ (ಹಳೇ ಪ್ರೆಸ್ಸಿನವ, ಶಹಾಬಾದ್):
ಮಾಡ್ರಿ ಅಕ್ಕಾರ. ಪತ್ರಿಕೆಯವರಿಗೆ ಇದು ಹೊಸ ದಾರಿ ಅಲ್ಲ. ಕೋಲ್ಕತ್ತದ ಆನಂದಬಜಾರ್ ಪತ್ರಿಕೆ ಬಳಗದವರು 1957ರಾಗ ಆನಂದ ಪಬ್ಲಿಷರ್ಸ್ ತೆಗೆದರು. ಅಮೆರಿಕದಾಗ ಟೈಮ್, ಲೈಫ್ ಪತ್ರಿಕೆ ತರ್ತಿದ್ದ ಕಂಪನಿ 1961ರಾಗ ಟೈಮ್-ಲೈಫ್ ಬುಕ್ಸ್ ಶುರು ಮಾಡ್ತು. ಅವರ ಕೈಯಾಗ ಫೋಟೋ, ಲೇಖನ ಇದ್ದವು ಖರೆ, ಆದ್ರ ದೊಡ್ಡ ಆಸ್ತಿ ಅಂದ್ರ ಚಂದಾದಾರರ ವಿಳಾಸ. ಮಾಲಿಕೆಯ ಒಂದೊಂದೇ ಸಂಪುಟ ಅಂಚೆಯಾಗ ಮನೀಗೆ ಹೋಗ್ತಿತ್ತು. ನಮ್ಮಲ್ಲೂ ಧಾರವಾಡದ ಮನೋಹರ ಗ್ರಂಥಮಾಲಾ 1933ರಾಗ ಹುಟ್ಟಿ ಚಂದಾದಾರರ ಬಲದ ಮ್ಯಾಲೇ ಬೆಳೀತು. ನಿಮ್ಮ ಕಡೆನೂ ಆ ಪಟ್ಟಿ ಅದ. ಮೊದಲು ಅವರಿಗೆ ಪತ್ರ ಬರೀರಿ, ಮುಂಗಡ ತಗೋರಿ, ಎಷ್ಟು ಪ್ರತಿ ಹಾಕಬೇಕು ಅನ್ನೋದು ಆಮ್ಯಾಲ.

ಹಾಗೇ ಜೋಡಿಸೋದು ಮಾತ್ರ ಬ್ಯಾಡ್ರಿ. ನನ್ನ ಜೀವನ ಪೂರಾ ಪುಟ ಕಟ್ಟೋದ್ರಾಗೇ ಹೋಗ್ಯದ, ಅದಕ್ಕ ಒತ್ತಿ ಹೇಳ್ತೀನಿ. ‘ಮೊನ್ನೆ ಮಂಗಳವಾರ ಎಪಿಎಂಸಿಯಲ್ಲಿ’ ಅನ್ನೋ ಸಾಲು ಪತ್ರಿಕೆಯಾಗ ಚೆಂದ. ಐದು ವರ್ಷದ ಮ್ಯಾಲ ಪುಸ್ತಕ ಹಿಡಿದಾಂವಗ ಯಾವ ಮಂಗಳವಾರ ಅಂತ ಹೆಂಗ ತಿಳೀಬೇಕು? ಪ್ರತಿ ಲೇಖನದ ಕೆಳಗ ತಾರೀಖು, ಅವತ್ತಿನ ತೊಗರಿ ದರ ಹಾಕ್ರಿ. ಎರಡೆರಡು ಸಲ ಬಂದ ಮಾತು ತೆಗೀರಿ. 1/8 ಡೆಮಿ ಅನ್ನೋ ಪುಸ್ತಕದ ಅಳತೆಯಾಗ 16 ಪುಟದ ಫಾರಂ (ಎರಡೂ ಕಡೆ ಅಚ್ಚು ಹಾಕಿ ಮಡಚೋ ಒಂದು ದೊಡ್ಡ ಹಾಳಿ) ಲೆಕ್ಕಕ್ಕ ಪುಟ ಕೂಡಿಸಿದ್ರ ಕಾಗದ ಹಾಳಾಗಂಗಿಲ್ಲ.

ಉತ್ತರ (ವಕೀಲ, ಬೀದರ್):
ಅಂಕಣ ಯಾರದ್ದು ಅನ್ನೋದು ಮೊದಲು ನೋಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಸಂಬಳದ ನೌಕರರು ಪತ್ರಿಕೆಗಾಗಿ ಬರೆದದ್ದರಲ್ಲೂ ಮಾಲೀಕರ ಹಕ್ಕು ಪತ್ರಿಕೆಯಲ್ಲಿ ಪ್ರಕಟಿಸುವುದಕ್ಕಷ್ಟೇ. ಬೇರೆ ಕರಾರು ಇಲ್ಲದಿದ್ದರೆ ಪುಸ್ತಕದ ಹಕ್ಕು ಬರೆದವರದೇ. ಹೊರಗಿನವರಾದರೆ ಕೇಳಲೇಬೇಕು. ಗೌರವಧನ ಎಷ್ಟು, ಎಷ್ಟು ಪ್ರತಿಗೆ ಎಂಬುದನ್ನು ಬರಹದಲ್ಲೇ ಇಡಿ.

ಸಂಪಾದಕಿ:
ಅಂಕಣಕಾರರು ಅಫಜಲಪುರದ ಶಿಕ್ಷಕರು, ನಮ್ಮ ನೌಕರರಲ್ಲ. ನಾಳೆಯೇ ಮಾತಾಡುತ್ತೇನೆ. ಚಂದಾದಾರರಿಗೆ ಪತ್ರ ಈ ವಾರದ ಸಂಚಿಕೆ ಜೊತೆ ಹೋಗಲಿದೆ. ಉಳಿದ ಪ್ರತಿ ಏನು ಮಾಡೋದು?

ಹಳೇ ಪ್ರೆಸ್ಸಿನವ:
ಪತ್ರಿಕೆ ಉಳಿದ್ರ ರದ್ದಿ, ಪುಸ್ತಕ ಉಳಿದ್ರ ಮುಂದಿನ ವರ್ಷನೂ ಮಾರ್ತದ. ಗೆದ್ದಲು, ತೇವ ತಾಗದ ಜಾಗ ನೋಡಿಡ್ರಿ. ಅಂಗಡಿಯವರ ಕಮಿಷನ್ನೂ ಹಿಡಿದೇ ಮುಖಬೆಲೆ ಹಾಕ್ರಿ.