‘ರನ್’ ಅಂದರೆ ಓಡಿಸುವುದಾ, ನಡೆಸುವುದಾ?

ಕಂಪ್ಯೂಟರ್ ವೈರಸ್‌ಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೆ. ಅದರಲ್ಲಿ ‘ರನ್ ದಿ ವೈರಸ್’ ಎಂಬ ಮಾತು ಬಂತು. ಬೇರೆ ಯಾವುದಕ್ಕೂ ಸಂಪರ್ಕ ಇಲ್ಲದ ಕಂಪ್ಯೂಟರಿನಲ್ಲಿ ವೈರಸ್ ಬಿಟ್ಟು, ಅದು ಏನೇನು ಮಾಡುತ್ತದೆ ಅಂತ ನೋಡುವುದು. ನಾನು ಸುಮ್ನೆ ‘ವೈರಸ್ ಓಡಿಸಿ’ ಅಂತ ಬರೆದೆ. ಆಮೇಲೆ ಓದಿದರೆ ಅರ್ಥ ಪೂರ್ತಿ ಉಲ್ಟಾ! ನಾವು ಗಾಡಿಯನ್ನೂ ಓಡಿಸುತ್ತೇವೆ, ನಾಯಿಯನ್ನೂ ಓಡಿಸುತ್ತೇವೆ. ವೈರಸ್ ಓಡಿಸಿ ಅಂದರೆ ಯಾರಾದರೂ ನಾಯಿಯ ಲೆಕ್ಕಕ್ಕೇ ಹಾಕುತ್ತಾರೆ, ಅಲ್ವಾ?

‘ಚಲಾಯಿಸಿ’ ಅಂತ ಹಾಕೋಣ ಅಂದರೆ ಅದು ಮತ, ಅಧಿಕಾರ, ವಾಹನಗಳ ಜೊತೆ ಅಂಟಿಕೊಂಡಿರುವ ಪದ. ‘ನಡೆಸಿ’ ಅಂದರೆ ಸಭೆ, ಸಂಸಾರ, ವ್ಯಾಪಾರ ನೆನಪಾಗುತ್ತದೆ. ಅದೇ ಬರಹದ ‘ರನ್ ದಿ ಟೆಸ್ಟ್’ ಅನ್ನು ‘ಪರೀಕ್ಷೆ ನಡೆಸಿ’ ಅಂತ ಮಾಡಿದರೆ ಪ್ರಶ್ನೆಪತ್ರಿಕೆಯೇ ಕಣ್ಣ ಮುಂದೆ ಬರುತ್ತದೆ.

ಈ ಪದ ಇಂಗ್ಲಿಷಿನವರಿಗೂ ಕಡಿಮೆ ಕೆಲಸ ಕೊಟ್ಟಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಪದಕ್ಕೆ, ಸುಮಾರು 430 ಅರ್ಥ. 2011ರ ಹೊತ್ತಿಗೆ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ 645 ಅರ್ಥ. ಯಂತ್ರಗಳು ಬಂದ ಮೇಲೆ, ಆಮೇಲೆ ಕಂಪ್ಯೂಟರ್ ಬಂದ ಮೇಲೆ ಈ ಪದಕ್ಕೆ ಕೆಲಸ ಜಾಸ್ತಿಯಾಯಿತು.

ನನಗೆ ಅನ್ನಿಸಿದ್ದು ಇಷ್ಟು. ಇಂಗ್ಲಿಷಿಗೆ ಸಾಗುತ್ತಿದೆ ಅನ್ನುವುದು ಮುಖ್ಯ, ಏನು ಸಾಗುತ್ತಿದೆ ಅನ್ನುವುದಲ್ಲ. ಕನ್ನಡ ಮೊದಲು ‘ಏನು?’ ಅಂತ ಕೇಳುತ್ತದೆ. ಹೊಳೆಯಾದರೆ ಹರಿಯುತ್ತದೆ. ಮೂಗು ಸೋರುತ್ತದೆ. ಬಟ್ಟೆ ಬಣ್ಣ ಬಿಡುತ್ತದೆ. ಅಕ್ಕಿ ತೀರುತ್ತದೆ, ಹಳೆಯ ಗೆಳೆಯ ದಾರಿಯಲ್ಲಿ ಸಿಗುತ್ತಾನೆ, ಸಿಟ್ಟು ಅಪ್ಪನಿಂದ ಮಗನಿಗೆ ಬರುತ್ತದೆ. ಇಷ್ಟಕ್ಕೂ ಇಂಗ್ಲಿಷಿನಲ್ಲಿ ‘ರನ್’ ಒಂದೇ ಸಾಕು. ಇನ್ನು ಚುನಾವಣೆ ನೋಡಿ. ಅಮೆರಿಕದವರು ಅದಕ್ಕೆ ‘ರನ್’ ಮಾಡುತ್ತಾರೆ, ಬ್ರಿಟನ್ನಿನವರು ‘ಸ್ಟ್ಯಾಂಡ್’ ಅನ್ನುತ್ತಾರೆ. ನಾವೂ ನಿಲ್ಲುತ್ತೇವೆ. ಓಡುವವರೂ ನಿಲ್ಲುವವರೂ ಹೊರಟಿರುವುದು ಒಂದೇ ಕುರ್ಚಿಗೆ!

ಹಾಗಂತ ನಮ್ಮ ‘ಓಡು’ ಏನೂ ಸೋಮಾರಿ ಅಲ್ಲ. ಸಿನಿಮಾ ನೂರು ದಿನ ಓಡುತ್ತದೆ, ಮೀಟರ್ ಓಡುತ್ತದೆ, ಪರೀಕ್ಷೆಯ ದಿನ ತಲೆ ಓಡುವುದಿಲ್ಲ. ಮಡಕೆಯ ಚೂರಿಗೂ ಓಡು ಅನ್ನುತ್ತಾರೆ, ಆದರೆ ಆ ಪದವೇ ಬೇರೆ. ಹಾಗಾಗಿ ‘ಪ್ರೋಗ್ರಾಮ್ ಓಡುತ್ತಿದೆ’ ಅನ್ನುವುದು ನನ್ನ ಕಿವಿಗೆ ಸರಿಯಾಗಿಯೇ ಕೇಳಿಸುತ್ತದೆ. ತೊಂದರೆ ಇರುವುದು ‘ಓಡಿಸು’ವಿನಲ್ಲಿ, ಅದೂ ಓಡಿಸಬೇಕಾದದ್ದು ಬೇಡದ ವಸ್ತುವಾದಾಗ. ಸದ್ಯಕ್ಕೆ ‘ವೈರಸ್ ಅನ್ನು ಓಡಲು ಬಿಟ್ಟು ನೋಡಿ’ ಅಂತ ಬರೆದಿದ್ದೇನೆ. ಸ್ವಲ್ಪ ಉದ್ದವಾಯಿತು. ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ.

ಜೊತೆಗೆ ಇನ್ನೊಂದು. ಬ್ಯಾಂಕ್ ಮುಳುಗುತ್ತದೆ ಎಂಬ ಹೆದರಿಕೆಗೆ ಜನ ಒಟ್ಟಿಗೆ ಹಣ ತೆಗೆಯಲು ಬರುವುದಕ್ಕೆ ‘ಬ್ಯಾಂಕ್ ರನ್’ ಅನ್ನುತ್ತಾರೆ. ‘ಜನ ಬ್ಯಾಂಕಿಗೆ ಮುಗಿಬಿದ್ದರು’ ಅಂದರೆ ವಾಕ್ಯದಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ತಲೆಬರಹಕ್ಕೆ ಒಂದು ನಾಮಪದ ಬೇಕಲ್ಲ, ‘ಬ್ಯಾಂಕ್ ಮುತ್ತಿಗೆ’ ಅನ್ನಬಹುದೇ? ಅದು ಪ್ರತಿಭಟನೆಯ ಹಾಗೆ ಕೇಳಿಸುತ್ತದಾ?