ಮಾಲೆ ಏರ್‌ಪೋರ್ಟ್ ಇಡೀ ಒಂದು ದ್ವೀಪದ ಮೇಲೇ ಇದ್ಯಂತೆ, ಹೆಂಗೆ ಕಟ್ಟಿದ್ರು?

ಹಾಸನದವನು:
ಎಲ್ರಿಗೂ ನಮಸ್ಕಾರ. ನನ್ ತಮ್ಮನಿಗೆ ಮಾಲ್ಡೀವ್ಸಲ್ಲಿ ಒಂದು ರೆಸಾರ್ಟಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿದೆ, ಮುಂದಿನ ತಿಂಗ್ಳು ಹೊರಡ್ತಾನೆ. ಅಮ್ಮಂಗೆ ಮೊಬೈಲಲ್ಲಿ ಮ್ಯಾಪ್ ತೋರಿಸಿದೆ, ಸುತ್ತ ನೀರು ಮಧ್ಯ ಗೆರೆ ಎಳೆದಂಗೆ ರನ್‌ವೇ, ಅದನ್ನ ನೋಡಿದಾಗಿಂದ ಅಮ್ಮ ಸರಿಯಾಗಿ ನಿದ್ದೆ ಮಾಡ್ತಿಲ್ಲ. ಊರು ಒಂದು ದ್ವೀಪ, ಏರ್‌ಪೋರ್ಟ್ ಇನ್ನೊಂದು ದ್ವೀಪ ಯಾಕೆ? ಯಾವಾಗ ಕಟ್ಟಿದ್ದು? ಅಲ್ಲಿ ಇದ್ದು ಬಂದವರು ಯಾರಾದ್ರೂ ಹೇಳಿ, ಅಮ್ಮಂಗೆ ಓದಿ ಹೇಳ್ತೀನಿ.

ವಿಮಾನ ಪ್ರೇಮಿ:
ರಾಜಧಾನಿ ಮಾಲೆ ತುಂಬಾ ಚಿಕ್ಕದು ಸರ್, ಅಲ್ಲಿ ಮನೆಗಳಿಗೇ ಜಾಗ ಇಲ್ಲ, ರನ್‌ವೇ ಎಲ್ಲಿಂದ ಬರ್ಬೇಕು. ಅದಕ್ಕೆ ಪಕ್ಕದ ಹುಳುಲೆ ದ್ವೀಪದಲ್ಲಿ ಮಾಡಿದ್ರು. ಮೊದಲು ಇದ್ದಿದ್ದು ಉಕ್ಕಿನ ಶೀಟು ಜೋಡಿಸಿದ ರನ್‌ವೇ, ಅದರ ಮೇಲೆ ಮೊದಲ ವಿಮಾನ ಇಳಿದಿದ್ದು 1960ರ ಅಕ್ಟೋಬರ್ 19ಕ್ಕೆ, ನ್ಯೂಜಿಲ್ಯಾಂಡ್ ವಾಯುಪಡೆದು. 1962ರಲ್ಲಿ ಶ್ರೀಲಂಕಾದ ಏರ್ ಸಿಲೋನ್ ವಿಮಾನ ಬಂತು, ಪ್ರಯಾಣಿಕರ ವಿಮಾನ ಅಂತ ಅದೇ ಮೊದಲು. ಆದ್ರೆ ಉಪ್ಪು ಗಾಳಿಗೆ ಉಕ್ಕು ಎಷ್ಟು ದಿನ ತಡೆಯುತ್ತೆ ಹೇಳಿ, 1964ರಲ್ಲಿ ಡಾಂಬರು ರನ್‌ವೇ ಶುರು ಮಾಡಿದ್ರು. ನನಗೆ ತುಂಬಾ ಇಷ್ಟ ಆಗೋದು ಈ ಭಾಗವೇ, ಅಲ್ಲಿನ ಸಾಮಾನ್ಯ ಜನಾನೇ ಗುಂಪು ಗುಂಪಾಗಿ ಬಂದು ಹಗಲು ರಾತ್ರಿ ದುಡಿದು ಹಾಕಿದ ರನ್‌ವೇ ಅದು. 1966ರ ಏಪ್ರಿಲ್‌ನಲ್ಲಿ ಉದ್ಘಾಟನೆ ಮಾಡಿದ್ದು ಆಗಿನ ಪ್ರಧಾನಿ ಇಬ್ರಾಹಿಂ ನಾಸಿರ್. ಏರ್‌ಪೋರ್ಟಿನ ಈಗಿನ ಹೆಸರು ವೆಲಾನಾ ಅಂತ ಇದ್ಯಲ್ಲ, ಅದು ಅವರ ಮನೆತನದ ಹೆಸರೇ.

ಇನ್ನೊಂದು ಮಾತು, 1972ರಲ್ಲಿ ಮೊದಲ ರೆಸಾರ್ಟ್ ತೆಗೆದ್ರು, ಆ ರನ್‌ವೇ ಇಲ್ದೇ ಇದ್ದಿದ್ರೆ ಟೂರಿಸ್ಟು ಬರೋ ದಾರಿಯೇ ಇರ್ತಿರಲಿಲ್ಲ. ಇವತ್ತು ಐದು ಲಕ್ಷ ಚಿಲ್ಲರೆ ಜನ ಇರೋ ದೇಶಕ್ಕೆ ವರ್ಷಕ್ಕೆ 20 ಲಕ್ಷ ಟೂರಿಸ್ಟು ಬರ್ತಾರೆ, ಹೆಚ್ಚಿನವರು ಇದೇ ಬಾಗಿಲಿಂದ.

ಕಡಲ ಮೇಷ್ಟ್ರು:
ನಾನು ಅಲ್ಲೊಂದು ದ್ವೀಪದ ಶಾಲೆಯಲ್ಲಿ ಆರು ವರ್ಷ ಪಾಠ ಮಾಡಿದ್ದೇನೆ, ಊರು ಉಡುಪಿ ಹತ್ರ. ನಿಮ್ಮ ಅಮ್ಮನಿಗೆ ಹೇಳಿ ಮಾರಾಯ್ರೆ, ಹೆದರುವಂಥದ್ದು ಏನೂ ಇಲ್ಲ. ಮೊದಲ ಸಲ ಇಳಿಯುವಾಗ ಕಿಟಕಿಯಲ್ಲಿ ನೀರೇ ಕಾಣ್ತಾ ಹೋಗ್ತದೆ, ನೀರಿಗೇ ಇಳಿತಾ ಉಂಟಾ ಅಂತ ನನಗೂ ಕೈ ಬೆವತಿತ್ತು, ಅಷ್ಟರಲ್ಲಿ ಚಕ್ರ ನೆಲಕ್ಕೆ ತಾಗಿಯಾಯ್ತು. ಹೊರಗೆ ಬಂದ್ರೆ ಎದುರೇ ಜೆಟ್ಟಿ, ಆಗ ಸೇತುವೆ ಇರಲಿಲ್ಲ, ಮಾಲೆಗೆ ಹೋಗ್ಲಿಕ್ಕೆ ಹತ್ತು ನಿಮಿಷ ದೋಣಿ. ಅವರೂ ಅದನ್ನ ದೋನಿ ಅಂತಲೇ ಕರೆಯೋದು, ಆ ಶಬ್ದ ಕೇಳಿ ಮನಸ್ಸಿಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ ಹೇಳ್ಲಿಕ್ಕೆ ಆಗುದಿಲ್ಲ. 2018ರ ಆಗಸ್ಟ್‌ನಲ್ಲಿ ಸೇತುವೆ ಆಯ್ತು, ಈಗ ಬಸ್ಸು ಟ್ಯಾಕ್ಸಿ ಎಲ್ಲ ಉಂಟು.

ಆ ದೇಶಕ್ಕೆ ಏರ್‌ಪೋರ್ಟ್ ಅಂದ್ರೆ ಏನು ಅಂತ ನನಗೆ ಅರ್ಥ ಆದದ್ದು 2014ರ ಡಿಸೆಂಬರ್‌ನಲ್ಲಿ. ಮಾಲೆಯಲ್ಲಿ ಸಮುದ್ರದ ನೀರು ಸಿಹಿ ಮಾಡುವ ಪ್ಲಾಂಟಿಗೆ ಬೆಂಕಿ ಬಿದ್ದು ಇಡೀ ಊರಿಗೆ ಕುಡಿಯುವ ನೀರಿಲ್ಲ, ಆಗ ಭಾರತದಿಂದ ವಿಮಾನದಲ್ಲಿ ನೀರು ಬಂತು. ಅದಕ್ಕೂ ಮೊದಲು, 1988ರ ನವೆಂಬರ್‌ನಲ್ಲಿ ಸರ್ಕಾರ ಉರುಳಿಸ್ಲಿಕ್ಕೆ ಬಾಡಿಗೆ ಸೈನಿಕರು ಬಂದಾಗ ಅವರು ಹುಳುಲೆಯನ್ನ ಹಿಡಿದಿರಲಿಲ್ಲ, ಹಾಗಾಗಿ ಆಗ್ರಾದಿಂದ ಹೊರಟ ನಮ್ಮ ಸೈನ್ಯ ರಾತ್ರಿ ಅಲ್ಲೇ ಇಳಿದು ದೋಣಿಯಲ್ಲಿ ಮಾಲೆಗೆ ದಾಟಿತು. ರನ್‌ವೇ ಕೈತಪ್ಪಿದ್ರೆ ಕಥೆ ಬೇರೆ ಆಗ್ತಿತ್ತು. ನನ್ನ ಜೊತೆಯ ಹಿರಿಯ ಶಿಕ್ಷಕರೊಬ್ರು ಆ ರಾತ್ರಿ ಬಗ್ಗೆ ಹೇಳುವಾಗ ಈಗಲೂ ಗಂಟಲು ಕಟ್ತಿತ್ತು.

ಹಾಸನದವನು:
ಮೇಷ್ಟ್ರೇ ತುಂಬಾ ಥ್ಯಾಂಕ್ಸ್, ಅಮ್ಮಂಗೆ ಪೂರ್ತಿ ಓದಿ ಹೇಳ್ದೆ, ದೋಣಿ ಅಂತಾರೆ ಅಂದಿದ್ದಕ್ಕೆ ನಕ್ಬಿಟ್ರು. ರನ್‌ವೇ ಹಳೇದು ಅಂದ್ರಲ್ಲ, ದೊಡ್ಡ ವಿಮಾನ ಇಳಿಯುತ್ತಾ? ಜಿಎಂಆರ್ ಹೆಸರೂ ಎಲ್ಲೋ ಓದಿದ ನೆನಪು.

ವಿಮಾನ ಪ್ರೇಮಿ:
ಹಳೇ ರನ್‌ವೇ ಅಲ್ಲ ಸರ್, ಪಕ್ಕದಲ್ಲೇ ಸಮುದ್ರ ತುಂಬಿಸಿ ಹೊಸದು ಮಾಡಿದ್ದಾರೆ, 3,400 ಮೀಟರ್ ಉದ್ದ, 2018ರ ಸೆಪ್ಟೆಂಬರ್‌ನಲ್ಲಿ ಎ380 ಅನ್ನೋ ಅತಿ ದೊಡ್ಡ ಪ್ರಯಾಣಿಕರ ವಿಮಾನಾನೇ ಇಳಿದಿದೆ. 2025ರ ಜುಲೈನಲ್ಲಿ ಹೊಸ ಟರ್ಮಿನಲ್ಲೂ ಉದ್ಘಾಟನೆ ಆಯ್ತು. ಜಿಎಂಆರ್ ನಮ್ಮ ದೇಶದ ಕಂಪನಿ, ಅದಕ್ಕೆ ಏರ್‌ಪೋರ್ಟ್ ನಡೆಸೋಕೆ 2010ರಲ್ಲಿ 25 ವರ್ಷಕ್ಕೆ ಕೊಟ್ಟಿದ್ರು, ಎರಡೇ ವರ್ಷಕ್ಕೆ ಅಲ್ಲಿನ ಸರ್ಕಾರ ರದ್ದು ಮಾಡ್ತು, ಕೊನೆಗೆ 2016ರಲ್ಲಿ 27 ಕೋಟಿ ಡಾಲರ್ ಪರಿಹಾರ ಕೊಡ್ಬೇಕಾಯ್ತು. ಅಷ್ಟು ಚಿಕ್ಕ ದೇಶಕ್ಕೆ ಅದು ಸಣ್ಣ ಮೊತ್ತ ಅಲ್ಲ.

ಕಡಲ ಮೇಷ್ಟ್ರು:
ಒಂದು ಮುಖ್ಯ ವಿಷಯ ಬಿಟ್ಟೆ. ತಮ್ಮನ ರೆಸಾರ್ಟ್ ದೂರ ಇದ್ರೆ ನೀರಿನ ಮೇಲೆ ಇಳಿಯುವ ಸೀಪ್ಲೇನಲ್ಲಿ ಹೋಗ್ಬೇಕಾಗಬಹುದು, ಅದು ಹಗಲಲ್ಲಿ ಮಾತ್ರ ಹಾರುದು, ಸಂಜೆ ಇಳಿದ್ರೆ ಆ ರಾತ್ರಿ ಏರ್‌ಪೋರ್ಟ್ ಪಕ್ಕದ ಹುಳುಮಾಲೆ ದ್ವೀಪದಲ್ಲೋ ಮಾಲೆಯಲ್ಲೋ ಉಳಿಬೇಕು. ಹಾಗಾಗಿ ಬೆಳಿಗ್ಗೆ ಮುಟ್ಟುವ ಫ್ಲೈಟೇ ನೋಡ್ಲಿ, ಕಿಟಕಿ ಸೀಟು ಕೇಳ್ಲಿ, ಇಳಿದ ಕೂಡ್ಲೇ ಅಮ್ಮನಿಗೆ ಒಂದು ಫೋನ್ ಮಾಡ್ಲಿ.