ಒಂದೇ ಸಂಬಳ, ಹಳೇ ಮನೆ, ಎಂಟು ತೆಂಗಿನಮರ: ಮನೆಯಲ್ಲೇ ಏನೇನು ಮಾಡಿಕೊಳ್ಳಬಹುದು? ಅನುಭವ ಇದ್ದವರು ಹೇಳಿ

ಕುಮಟಾದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಬಿಟ್ಟು ಊರಿಗೆ ಬಂದು ನಾಲ್ಕು ತಿಂಗಳಾಯ್ತು. ಈಗ ಮನೆಗೆ ನನ್ನೊಬ್ಬಳದೇ ಸಂಬಳ. ಇರೋದು ಅತ್ತೆಯವರ ಹಳೇ ಮನೆ. ಹಿತ್ತಲಲ್ಲಿ ಎಂಟು ತೆಂಗು, ಒಂದು ಮುರುಗಲು (ಕೋಕಂ) ಮರ, ಬಾವಿ ಇದೆ. ಬಚ್ಚಲಿಗೆ ಸೌದೆ ಒಲೆ. ಹಸು ಇಲ್ಲ. ಕಿರಾಣಿ ಚೀಟಿ ತೆಗೆದು ನೋಡಿದರೆ ಅರ್ಧಕ್ಕರ್ಧ ಪಾತ್ರೆ ಸೋಪು, ಶಾಂಪೂ, ನೆಲ ಒರೆಸೋ ಫಿನಾಯಿಲು, ಪ್ಯಾಕೆಟ್ ತಿಂಡಿ, ಶರಬತ್ತಿನ ಬಾಟಲಿ. ಸೋಪಿನಿಂದ ಹಿಡಿದು ಎಲ್ಲ ಮನೆಯಲ್ಲೇ ಮಾಡೋಣ ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಶಿರಸಿ ಹತ್ತಿರದ ಹಳ್ಳಿಯಿಂದ

ತಂಗೀ, ಸೋಪಿನಿಂದ ಮಾತ್ರ ಶುರು ಮಾಡಬೇಡ. ಒಂದು ಕೆಜಿ ತೆಂಗಿನೆಣ್ಣೆಗೆ ಹತ್ತಿರ ಹತ್ತಿರ 175 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅದನ್ನು ತಕ್ಕಡಿಯಲ್ಲೇ ತೂಗಬೇಕು, ಚಮಚದ ಅಂದಾಜು ನಡೆಯೋದಿಲ್ಲ. ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಹೊಯ್ಯಬಾರದು. ನಾನು ಹೊಯ್ದೆ. ಉಕ್ಕಿ ಮಣಿಕಟ್ಟಿಗೆ ಹಾರಿತು, ಕಲೆ ಇನ್ನೂ ಇದೆ. ಅಲ್ಯುಮಿನಿಯಂ ಪಾತ್ರೆಯನ್ನಂತೂ ಅದು ತಿಂದೇ ಹಾಕುತ್ತದೆ. ಇಷ್ಟೆಲ್ಲ ಆಗಿ, ಸೋಪನ್ನು ನಾಲ್ಕರಿಂದ ಆರು ವಾರ ಗಾಳಿಗೆ ಇಟ್ಟ ಮೇಲೇ ಮೈಗೆ ಹಚ್ಚಬೇಕು. ಎಣ್ಣೆ ಅಂಗಡಿಯಿಂದ ತಂದರೆ ಅಂಗಡಿ ಸೋಪಿಗಿಂತ ದುಬಾರಿ ಬೀಳುತ್ತದೆ. ಮನೆ ಕೊಬ್ಬರಿ ಗಾಣಕ್ಕೆ ಹಾಕಿಸಿ, ಹಳೇ ಎಣ್ಣೆ ಕಮಟು ವಾಸನೆ ಬಂದು ಉಳಿದಿದ್ದರೆ ಆಗ ಮಾಡು. ಅಲ್ಲಿಯವರೆಗೆ ಬೇಡ.

ನಿನ್ನ ಹಿತ್ತಲಲ್ಲಿ ಮುರುಗಲು ಮರ ಇದೆಯಲ್ಲ, ಅಲ್ಲಿಂದ ಶುರು ಮಾಡು. ಈಗ ಫೆಬ್ರವರಿ. ಏಪ್ರಿಲ್, ಮೇನಲ್ಲಿ ಹಣ್ಣು ಕೆಂಪಾಗುತ್ತದೆ. ಆ ಒಂದು ಮರ ನಿನ್ನ ಚೀಟಿಯಲ್ಲಿ ಮೂರು ಸಾಲು ಅಳಿಸುತ್ತದೆ.

ಹಣ್ಣು ಒಡೆದು ಸಿಪ್ಪೆ, ತಿರುಳು, ಬೀಜ ಬೇರೆ ಬೇರೆ ಮಾಡು. ಒಂದು ಪಾಲು ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಭರಣಿಯಲ್ಲಿ ಒತ್ತಿ, ಬಾಯಿಗೆ ಬಟ್ಟೆ ಕಟ್ಟಿ ವಾರ ಬಿಸಿಲಿಗಿಡು. ರಸ ತಾನೇ ಬಿಡುತ್ತದೆ. ಸೋಸಿದರೆ ವರ್ಷದ ಶರಬತ್ತು ಆಯ್ತು. ಸಕ್ಕರೆಯಲ್ಲಿ ಮಾತ್ರ ಜಿಪುಣತನ ಮಾಡಬೇಡ, ಸಿಪ್ಪೆ ತೂಕದ ಎರಡರಷ್ಟು ಹಾಕು, ಕಮ್ಮಿಯಾದರೆ ಹುಳಿತು ನೊರೆ ಬರುತ್ತದೆ. ಇನ್ನೊಂದು ಪಾಲು ಸಿಪ್ಪೆಯನ್ನು ಉಪ್ಪು ಹಾಕಿದ ತಿರುಳಿನ ರಸದಲ್ಲಿ ಅದ್ದಿ ಒಣಗಿಸು, ಮರುದಿನ ಮತ್ತೆ ಅದ್ದು, ಮತ್ತೆ ಒಣಗಿಸು. ನಾಲ್ಕೈದು ಸಲ ಹೀಗೆ ಮಾಡಿದರೆ ಕಪ್ಪಾಗಿ ಮೆತ್ತಗಾಗುತ್ತದೆ. ಸಾರಿಗೆ, ಮೀನು ತಿನ್ನುವವರಾದರೆ ಮೀನಿಗೆ, ಹುಣಸೆಹಣ್ಣೇ ಬೇಡ.

ಬೀಜ ಎಸೆಯಬೇಡ, ನಿಜವಾದ ಉಳಿತಾಯ ಅದರಲ್ಲೇ ಇರೋದು. ತೊಳೆದು ಗಲಗಲ ಅನ್ನುವಷ್ಟು ಒಣಗಿಸಿ, ಮೇಲಿನ ಸಿಪ್ಪೆ ಬಿಡಿಸಿ, ಒರಳಲ್ಲಿ ಕುಟ್ಟಿ, ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಕುದಿಸು. ಮೇಲೆ ಎಣ್ಣೆ ತೇಲಿ ಬರುತ್ತದೆ. ಒಲೆ ಆರಿಸಿ ರಾತ್ರಿ ಹಾಗೇ ಬಿಡು. ಬೆಳಿಗ್ಗೆ ಮುಚ್ಚಳ ತೆಗೆದರೆ ನೀರಿನ ಮೇಲೆ ತಿಳಿ ಹಳದಿಯ ಗಟ್ಟಿ ಪದರ ಕಟ್ಟಿರುತ್ತದೆ, ಬೆರಳಿಂದ ಒತ್ತಿದರೆ ಟಪ್ಪನೆ ಮುರಿಯುತ್ತದೆ. ಅದನ್ನು ಎತ್ತಿ ಮತ್ತೊಮ್ಮೆ ಕರಗಿಸಿ, ಸೋಸಿ, ಉಂಡೆ ಕಟ್ಟಿಡು. ಇದೇ ಮುರುಗಲು ತುಪ್ಪ. 40 ಡಿಗ್ರಿ ಹತ್ತಿರ ಕರಗುವ ವಸ್ತು, ಹಾಗಾಗಿ ನಮ್ಮ ಸೆಕೆಗೂ ಗಟ್ಟಿಯಾಗೇ ಇರುತ್ತದೆ, ದೀಪಕ್ಕೆ ಹಿಡಿದರೆ ಕರಗುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮಮ್ಮನ ಬೆರಳೆಲ್ಲ ಕಪ್ಪಾಗಿ ಸೀಳು ಬಿಡುತ್ತಿತ್ತು. ರಾತ್ರಿ ಊಟವಾದ ಮೇಲೆ ಉಂಡೆಯನ್ನು ಚಿಮಣಿ ಬುಡ್ಡಿಗೆ ಹಿಡಿದು, ಒಂದೊಂದೇ ಸೀಳಿಗೆ ತುಂಬುತ್ತಿದ್ದಳು. ನಾನು ಈಗಲೂ ಹಿಮ್ಮಡಿಗೆ, ತುಟಿಗೆ ಅದನ್ನೇ ಹಚ್ಚೋದು. ಕ್ರೀಮು ಕೊಂಡು ಎಷ್ಟೋ ವರ್ಷ ಆಯ್ತು.

ಅಂಕೋಲಾದಿಂದ

ಅಕ್ಕ ಮುರುಗಲು ಹೇಳಿದರು, ನಾನು ಪಾತ್ರೆ ವಿಷಯ ಹೇಳ್ತೇನೆ. ಬಚ್ಚಲ ಒಲೆ ಇದೆ ಅಂದಮೇಲೆ ಬೂದಿ ಇದ್ದೇ ಇದೆ. ಜರಡಿ ಹಿಡಿದು ಡಬ್ಬಿಯಲ್ಲಿಡಿ, ಇದ್ದಿಲ ಚೂರು ಉಳಿದರೆ ಪಾತ್ರೆಗೆ ಗೀರು ಬೀಳುತ್ತದೆ. ಉಜ್ಜೋದಕ್ಕೆ ತೆಂಗಿನ ನಾರಿನ ಉಂಡೆ ಸಾಕು. ಸ್ಟೀಲಿಗೆ, ಕಂಚಿಗೆ ಬೂದಿ ಒಳ್ಳೆಯದು. ಅಲ್ಯುಮಿನಿಯಂಗೆ ಒದ್ದೆ ಬೂದಿ ಹಚ್ಚಿ ಇಟ್ಟರೆ ಕಪ್ಪಾಗುತ್ತದೆ, ನಾನ್‌ಸ್ಟಿಕ್ ಹತ್ತಿರ ತರಲೇಬೇಡಿ. ಸಾರಿಗೆ ಹಾಕಿ ತೆಗೆದ ಮುರುಗಲು ಸಿಪ್ಪೆಯನ್ನು ಎಸೆಯುವ ಮೊದಲು ಹಿತ್ತಾಳೆ ದೀಪಕ್ಕೆ ತಿಕ್ಕಿ ನೋಡಿ, ಹೊಳೆಯುತ್ತದೆ.

ಎಣ್ಣೆ ಪಾತ್ರೆಗೆ, ತಲೆಗೆ, ರೇಷ್ಮೆ ಸೀರೆಗೆ ಅಂಟುವಾಳ. ಒಡೆದು ಬೀಜ ತೆಗೆದು, ಹತ್ತು ಹನ್ನೆರಡು ಕಾಯಿ ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ ಹಿಸುಕಿ ಸೋಸಿ. ಅಂಗಡಿ ಸೋಪಿನಷ್ಟು ನೊರೆ ಬರೋದಿಲ್ಲ, ಆದರೆ ಜಿಡ್ಡು ಹೋಗುತ್ತದೆ. ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಹುಳಿ ವಾಸನೆ, ಆದ್ದರಿಂದ ಸ್ವಲ್ಪಸ್ವಲ್ಪವೇ ಮಾಡಿ. ಕಣ್ಣಿಗೆ ಬಿದ್ದರೆ ತುಂಬ ಉರಿ, ಮಕ್ಕಳಿಗೆ ಹಾಕುವಾಗ ಜೋಪಾನ.

ನೆಲ ಒರೆಸಲಿಕ್ಕೆ: ಬೆಲ್ಲ ಒಂದು ಪಾಲು, ನಿಂಬೆ ಅಥವಾ ಕಂಚಿಕಾಯಿ ಸಿಪ್ಪೆ ಮೂರು ಪಾಲು, ನೀರು ಹತ್ತು ಪಾಲು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರು ತಿಂಗಳು ಹುಳಿಯಲು ಬಿಡಿ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಗಾಜಿನ ಬಾಟಲಿ ಬೇಡ, ಒಡೆಯುತ್ತದೆ.

ಕಾರವಾರದಿಂದ

ಸಣ್ಣ ವಿಷಯ, ಆದರೆ ಉಪಯೋಗಕ್ಕೆ ಬರುತ್ತದೆ. ಮೀನುಗಾರರ ಹಳೇ ಬಲೆ ಕೇಳಿ ನೋಡಿ, ಹರಿದದ್ದನ್ನು ಹೆಚ್ಚಿನವರು ಹಾಗೇ ಕೊಡುತ್ತಾರೆ. ಬಸಳೆ ಚಪ್ಪರಕ್ಕೆ, ಬಾವಿಗೆ ಎಲೆ ಬೀಳದ ಹಾಗೆ ಮುಚ್ಚಲಿಕ್ಕೆ ನಮ್ಮಲ್ಲಿ ಅದೇ. ಬೇಲಿಗೆ ಕಟ್ಟುವುದಾದರೆ ನೆಲದಿಂದ ಒಂದು ಗೇಣು ಮೇಲೆ ಕಟ್ಟಿ. ನೆಲಕ್ಕೆ ತಾಗಿಸಿ ಕಟ್ಟಿದ್ದಾಗ ಒಂದು ಕೇರೆ ಹಾವು ರಾತ್ರಿಯೆಲ್ಲ ಸಿಕ್ಕಿಕೊಂಡು ಸತ್ತಿತ್ತು. ಇಲಿ ಹಿಡಿಯುವ ಪಾಪದ ಜೀವಿ. ಆಮೇಲೆ ನಾನು ಕೆಳಗೆ ಮಡ್ಲು ತಟ್ಟಿ (ಹೆಣೆದ ತೆಂಗಿನ ಗರಿ), ಮೇಲೆ ಬಲೆ ಹೀಗೆ ಮಾಡಿದ್ದೇನೆ.

ಕುಮಟಾ (ಪ್ರಶ್ನೆ ಕೇಳಿದವಳು)

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಏನು ಹೇಳಲಿ! ಸೋಪು ಬಿಟ್ಟೆ. ಇನ್ನೆರಡು ಕೇಳ್ತೇನೆ. ಅತ್ತೆಯವರ ಹಳೇ ಸೀರೆ ಒಂದು ಟ್ರಂಕು ತುಂಬ ಇವೆ, ಎಸೆಯಲು ಮನಸ್ಸಿಲ್ಲ. ಮತ್ತೆ, ಮಳೆಗಾಲದಲ್ಲಿ ತರಕಾರಿ ಖರ್ಚು ಏರುತ್ತದಲ್ಲ, ಅದಕ್ಕೆ ಏನು ಮಾಡುತ್ತೀರಿ?

ಯಲ್ಲಾಪುರದಿಂದ

ಕೌದಿ ಹೊಲಿಸಿ. ಕಾಟನ್ ಸೀರೆ ಬೇರೆ ಮಾಡಿ. ನೈಲಾನ್ ಒಳಪದರಕ್ಕೆ ಹಾಕಿದರೆ ಜಾರುತ್ತದೆ, ಮೈಗೂ ಬೆಚ್ಚಗಿರೋದಿಲ್ಲ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ ನೋಡಿದ್ದೀರಾ? ಅಂಚಿನಿಂದ ಶುರುವಾದ ಹೊಲಿಗೆ ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಕೊನೆಗೆ ನಾಲ್ಕೂ ಮೂಲೆಗೆ ಬಣ್ಣದ ಚೂರುಗಳನ್ನು ತ್ರಿಕೋನವಾಗಿ ಮಡಚಿ ಪದರದ ಮೇಲೆ ಪದರ ಕೂರಿಸುತ್ತಾರೆ, ಅದಕ್ಕೆ ಫುಲ ಅನ್ನುತ್ತಾರೆ. ಫುಲ ಇಲ್ಲದ ಕೌದಿ ಬತ್ತಲೆ ಇದ್ದ ಹಾಗೆ ಅಂತ ಅವರ ಮಾತು. ನಮ್ಮಜ್ಜಿಯ ಸೀರೆಗಳನ್ನು ಕೊಟ್ಟು ಹೊಲಿಸಿದ್ದು ನನ್ನ ಮಗಳ ಹಾಸಿಗೆಯಲ್ಲಿದೆ. ಯಾವ ಚೂರು ಯಾವ ಸೀರೆಯದು ಅಂತ ಅವಳಿಗೆ ಬಾಯಿಪಾಠ. ಒಂದೊಂದು ಹೊಲಿಗೆಯೂ ಕೈಯಲ್ಲೇ ಹಾಕಿದ್ದು, ವಾರಗಟ್ಟಲೆ ಕೆಲಸ, ದಯವಿಟ್ಟು ಮಜೂರಿಯಲ್ಲಿ ಚೌಕಾಸಿ ಮಾಡಬೇಡಿ. ನೀವೇ ಹೊಲಿಯುವುದಾದರೆ ಮೇ ಒಳಗೆ ಮುಗಿಸಿ, ತೊಳೆದು ಒಣಗಿಸಿ. ಮಳೆ ಹಿಡಿದ ಮೇಲೆ ಕೌದಿ ಒಣಗೋದು ಕನಸಿನ ಮಾತು.

ಸಿದ್ದಾಪುರದಿಂದ

ಮಳೆಗಾಲದ ತರಕಾರಿಗೆ ಹಲಸು. ಬಲಿತ, ಹಣ್ಣಾಗದ ಕಾಯಿಯ ಸೊಳೆ ಬಿಡಿಸಿ, ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು ಹೀಗೆ ತುಂಬಿ, ಮೇಲೆ ತೊಳೆದ ಕಲ್ಲು ಹೇರಿಡಿ. ಸೊಳೆ ತಾನೇ ನೀರು ಬಿಟ್ಟು ಮುಳುಗಬೇಕು. ಒಂದು ವರ್ಷ ಉಪ್ಪು ಕಮ್ಮಿ ಮಾಡಿದ್ದೆ, ಮೇಲಿನ ಎರಡು ಪದರ ಲೋಳೆ ಬಂದು ಪೂರ್ತಿ ಚೆಲ್ಲಬೇಕಾಯ್ತು. ಬೇಕಾದಾಗ ತೆಗೆದು ನೀರಲ್ಲಿ ನೆನೆಸಿ, ಎರಡು ಸಲ ಹಿಂಡಿದರೆ ಪಲ್ಯಕ್ಕೂ ಬರುತ್ತದೆ, ರೊಟ್ಟಿಗೂ ಬರುತ್ತದೆ. ಹಲಸಿನ ಬೇಳೆಗೆ ಕೆಮ್ಮಣ್ಣು ಸವರಿ ಮೂಲೆಯಲ್ಲಿ ಗುಡ್ಡೆ ಹಾಕಿಡಿ. ಬಣ್ಣದ ಸೌತೆಕಾಯಿಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಜಂತಿಗೆ ತೂಗುಹಾಕಿ, ಒಂದಕ್ಕೊಂದು ತಾಗಬಾರದು. ಹಪ್ಪಳ ಮಾಡಿಟ್ಟರೆ ಪ್ಯಾಕೆಟ್ ತಿಂಡಿ ಮಕ್ಕಳೇ ಕೇಳೋದಿಲ್ಲ.

ಉಪ್ಪು ನಿಮ್ಮ ಪಕ್ಕದಲ್ಲೇ ಇದೆ, ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನಾಗರದ್ದು. ಭರಣಿಗೆ, ಉಪ್ಪಿನಕಾಯಿಗೆ ಅದೇ ಚೆನ್ನ. ದಿನದ ಅಡುಗೆಗೆ ಮಾತ್ರ ಅಯೋಡಿನ್ ಉಪ್ಪು ಬಿಡಬೇಡಿ, ಅಲ್ಲಿ ಉಳಿತಾಯ ನೋಡಬಾರದು.

ಶಿರಸಿ ಹತ್ತಿರದ ಹಳ್ಳಿಯಿಂದ

ತಂಗೀ, ಎಲ್ಲವನ್ನೂ ಈ ವರ್ಷವೇ ಹಿಡಿಯಬೇಡ. ಕೆಲಸಕ್ಕೆ ಹೋಗಿ ಬಂದು ಇಷ್ಟೂ ಮಾಡಲು ಹೋದರೆ ಜೂನ್ ಒಳಗೆ ಬೇಸರ ಬಂದುಬಿಡುತ್ತದೆ. ಈಗ ಬೂದಿ ಡಬ್ಬಿ, ಅಂಟುವಾಳ. ಏಪ್ರಿಲಲ್ಲಿ ಮುರುಗಲು, ಮೇನಲ್ಲಿ ಒಂದೇ ಒಂದು ಭರಣಿ ಸೊಳೆ. ಕೌದಿ ಮುಂದಿನ ವರ್ಷಕ್ಕಿರಲಿ. ಕಿರಾಣಿ ಚೀಟಿಗಳನ್ನು ಎಸೆಯದೆ ಒಂದು ಮೊಳೆಗೆ ಚುಚ್ಚಿಡು. ಮುರುಗಲು ಬೀಜ ಕುಟ್ಟುವುದು ಒಬ್ಬಳ ಕೈಯಲ್ಲಿ ಆಗೋದಿಲ್ಲ, ಗಂಡನನ್ನು ಒನಕೆಗೆ ನಿಲ್ಲಿಸು. ತುಪ್ಪದ ಪದರ ಕಟ್ಟದೆ ನೀರು ಹಾಲಿನ ಹಾಗೆ ಉಳಿದರೆ ಕುದಿ ಸಾಲಲಿಲ್ಲ ಅಂತ ಅರ್ಥ, ಚೆಲ್ಲದೆ ಇನ್ನೊಮ್ಮೆ ಒಲೆಗಿಡು.